ದಿಲ್ಲಿಯ ಮೂರು ಮೂರ್ತಿಗಳಲ್ಲಿ ನಮ್ಮದು ಯಾವುದು?

ಈ ಸಲದ ಗೋಡೆ ಪತ್ರಿಕೆಗೆ ನಾನು ಕತೆ ಬರೆದಿಲ್ಲ, ಕವನಾನೂ ಬರೆದಿಲ್ಲ. ಒಂದು ದಂಡಿನ ವಿಷಯ ಬರೆದಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಎರಡು ಡ್ರಾಯಿಂಗ್ ಶೀಟು ಹಿಡಿದಿದೆ. ಊಟದ ಬಿಡುವಿನಲ್ಲಿ ನಿಂತು ಓದಿರಿ. ಕೈ ತೊಳೆದ ಮೇಲೆ ಒದ್ದೆ ಕೈಯಿಂದ ಹಾಳೆ ಮುಟ್ಟಬೇಡಿರಿ, ಸ್ಕೆಚ್ ಪೆನ್ನಿನ ಬಣ್ಣ ಹರಡುತ್ತದೆ.

ಈ ವಿಷಯ ಶುರುವಾಗಿದ್ದು ಜನವರಿ 26ರಂದು. ಧ್ವಜ ಹಾರಿಸಿ ಲಾಡು ತಿಂದ ಮೇಲೆ ನಾವು ಕೆಲವರು ಟಿ.ವಿ.ಯಲ್ಲಿ ದಿಲ್ಲಿಯ ಪರೇಡು ನೋಡಿದೆವು. ಅದರಲ್ಲಿ ಕುದುರೆಗಳ ಸಾಲು ಬಂತು. ಎಲ್ಲಾ ಕುದುರೆ ಒಂದೇ ಹೆಜ್ಜೆ ಹಾಕುತ್ತಿದ್ದವು. ಅದು 61ನೇ ಕ್ಯಾವಲ್ರಿ, ಈಗಲೂ ಕುದುರೆ ಮೇಲೇ ಇರುವ ನಮ್ಮ ದೇಶದ ಸೈನ್ಯದ ರೆಜಿಮೆಂಟು ಅಂತ ಸಮಾಜದ ಸರ್ ಹೇಳಿದರು. 1953ರಲ್ಲಿ ಹಳೆಯ ರಾಜರ ಕುದುರೆ ದಂಡುಗಳನ್ನು ಕೂಡಿಸಿ ಅದನ್ನು ಮಾಡಿದರಂತೆ. ಅದರಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ಅವರು ಪ್ರತಿ ವರ್ಷ ಸೆಪ್ಟೆಂಬರ್ 23ಕ್ಕೆ ಹೈಫಾ ದಿನ ಮಾಡುತ್ತಾರೆ. ನಾನು ಜೋರಾಗಿ "ನಮ್ಮ ಕರ್ನಾಟಕದ್ದು!" ಅಂದೆ. ಆಗ ಸರ್ ನಕ್ಕು, "ಅಲ್ಲೋ, ಆ ಯುದ್ಧ ಆದಾಗ ಹಲಬರ್ಗಾ ಮೈಸೂರಿನಾಗ ಇತ್ತೇನು? ನಿಮ್ಮ ಮುತ್ಯಾನ ಮುತ್ಯಾ ಯಾರ ಪ್ರಜೆ ಇದ್ದ?" ಅಂತ ಕೇಳಿದರು. ನನಗೆ ಉತ್ತರ ಬರಲಿಲ್ಲ. ಎಲ್ಲರೂ ನಕ್ಕರು. ಅವತ್ತಿನಿಂದ ನಾನು ಇದನ್ನು ಓದಿದೆ, ಸರ್ ಕೂಡ ಪುಸ್ತಕ ತಂದುಕೊಟ್ಟರು.

ಮೊದಲು ಉತ್ತರ ಹೇಳಿಬಿಡುತ್ತೇನೆ. 1914ರಿಂದ 1918ರವರೆಗೆ ಮೊದಲನೆಯ ಮಹಾಯುದ್ಧ ನಡೆದಾಗ ನಮ್ಮ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿ ಇತ್ತು. ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ರಾಜ ಇದ್ದ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಇದ್ದರು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಅಂದರೆ ಯುದ್ಧ ಮುಗಿದು 38 ವರ್ಷ ಆದ ಮೇಲೆ.

ಆದರೆ ಮಜಾ ಏನಂದರೆ, ಆ ಯುದ್ಧದಲ್ಲಿ ಮೈಸೂರಿನ ಕುದುರೆ ಸವಾರರು ಮತ್ತು ಹೈದರಾಬಾದಿನ ಕುದುರೆ ಸವಾರರು ಒಂದೇ ದಂಡಿನಲ್ಲಿ ಇದ್ದರು! ಜೋಧಪುರದವರು 1918ರಲ್ಲಿ ಬಂದು ಕೂಡಿಕೊಂಡರು. ಆ ಮೂರು ರಾಜ್ಯದ ಮೂವರು ಸವಾರರ ಕಂಚಿನ ಮೂರ್ತಿಗಳು ದಿಲ್ಲಿಯಲ್ಲಿ ಇವೆ. ಆ ಜಾಗಕ್ಕೆ ತೀನ್ ಮೂರ್ತಿ ಅಂತಾರೆ. ನೆಹರೂ ಅವರು ಪ್ರಧಾನಿ ಇದ್ದಾಗ ಇದ್ದ ಮನೆಗೆ ತೀನ್ ಮೂರ್ತಿ ಭವನ ಅಂತ ಹೆಸರು ಬಂದದ್ದು ಇದರಿಂದಲೇ. ನಾನು ಮೊದಲು ತೀನ್ ಮೂರ್ತಿ ಅಂದರೆ ಬ್ರಹ್ಮ ವಿಷ್ಣು ಮಹೇಶ್ವರ ಅಂದುಕೊಂಡಿದ್ದೆ. ನಮ್ಮ ಕ್ಲಾಸಿನಲ್ಲಿ ಇನ್ನೂ ಮೂರು ಜನ ಹಂಗೇ ಅಂದುಕೊಂಡಿದ್ದರು, ಅವರ ಹೆಸರು ಬರೆಯುವುದಿಲ್ಲ.

ಈಗ ದಂಡು ಅಂದರೆ ಹೇಗೆ ಕಟ್ಟುತ್ತಾರೆ ಎಂದು ತಿಳಿಯಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮಗೆ ಊರು, ಹೋಬಳಿ, ತಾಲೂಕು, ಜಿಲ್ಲೆ ಇದ್ದಂಗ ಸೈನ್ಯಕ್ಕೆ ರೆಜಿಮೆಂಟು, ಬ್ರಿಗೇಡು, ಡಿವಿಜನ್ನು, ಕೋರ್ ಅಂತ ಇರುತ್ತವೆ. ಕುದುರೆ ದಂಡಿನಲ್ಲಿ ಒಂದು ರೆಜಿಮೆಂಟಿಗೆ ಸುಮಾರು 500 ಸವಾರರು. ಅಂಥ ಮೂರು ಕೂಡಿದರೆ ಒಂದು ಬ್ರಿಗೇಡು. ಮೂರು ಬ್ರಿಗೇಡು ಕೂಡಿದರೆ ಒಂದು ಡಿವಿಜನ್ನು. ಲೆಕ್ಕ ಹಾಕಿರಿ, ನಾಲ್ಕೂವರೆ ಸಾವಿರದ ಆಸುಪಾಸು ಸವಾರರು. ಅಷ್ಟೇ ಕುದುರೆಗಳು. ತೋಪು, ಮಷಿನ್ ಗನ್ನು, ದವಾಖಾನೆ, ಹುಲ್ಲಿನ ಗಾಡಿ ಬೇರೆ. ಕಾಲಾಳಿನ ಡಿವಿಜನ್ನು ಇದಕ್ಕಿಂತ ದೊಡ್ಡದು. ಅದರಲ್ಲಿ 12 ಬೆಟಾಲಿಯನ್ನು. ಕಾಲಾಳು ಕಂದಕ ತೋಡಿ ಕೂತು ಕಾದಾಡುತ್ತಾರೆ, ಎದುರಿನ ಸಾಲು ಮುರಿಯುತ್ತಾರೆ. ಮುರಿದ ಸಂದಿನಲ್ಲಿ ಕುದುರೆಯವರು ನುಗ್ಗಿ ಹಿಂದಕ್ಕೆ ಹೋಗಿ ದಾರಿ ಕಟ್ಟುತ್ತಾರೆ.

ನಮ್ಮವರು ಇದ್ದದ್ದು 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್. ಇಂಪೀರಿಯಲ್ ಸರ್ವಿಸ್ ಅಂದರೆ ಸಂಸ್ಥಾನದ ರಾಜರು ತಮ್ಮ ಖರ್ಚಿನಿಂದ ಸಾಕಿ, ಯುದ್ಧ ಬಂದಾಗ ಇಂಗ್ಲಿಷರಿಗೆ ಕೊಡುವ ದಂಡು. ಇದಕ್ಕೂ ನಮ್ಮ ಕಡೆಯಿಂದಲೇ ಬೀಜ ಬಿದ್ದಿದೆ. 1887ರಲ್ಲಿ ಆರನೇ ನಿಜಾಮ ಮಹಬೂಬ್ ಅಲಿ ಖಾನ್ ವಾಯವ್ಯ ಗಡಿ ಕಾಯಲಿಕ್ಕೆ 60 ಲಕ್ಷ ರೂಪಾಯಿ ಕೊಡುತ್ತೇನೆ ಅಂತ ಇಂಗ್ಲಿಷರಿಗೆ ಬರೆದ. ರೊಕ್ಕ ಬೇಡ, ರಾಜರು ದಂಡು ಸಾಕಲಿ ಅಂತ ಆಮೇಲೆ 1889ರಿಂದ ಈ ಪದ್ಧತಿ ಆಯಿತು. ರಾಜನ ಖರ್ಚು ಅಂತ ಬರೆದಿದ್ದೇನೆ, ಆದರೆ ರಾಜನ ರೊಕ್ಕ ಎಲ್ಲಿಂದ ಬರುತ್ತದೆ? ಜೋಳ ತೊಗರಿ ಬೆಳೆದವರು ಕೊಟ್ಟ ಕಂದಾಯದಿಂದ. ಮಹಾಯುದ್ಧಕ್ಕೆ ಮೈಸೂರು ಮಹಾರಾಜರು 50 ಲಕ್ಷ ಕೊಟ್ಟರು. ನಿಜಾಮ ವಿಮಾನಗಳಿಗೂ ರೊಕ್ಕ ಕೊಟ್ಟ. ಇಂಗ್ಲೆಂಡಿನ 110ನೇ ವಿಮಾನದಳಕ್ಕೆ ಹೈದರಾಬಾದ್ ಅಂತಲೇ ಹೆಸರು ಇಟ್ಟರು. ನಮ್ಮೂರಿಗೆ ಆಗ ರೈಲು ಕೂಡ ಬಂದಿರಲಿಲ್ಲ ನೋಡಿರಿ.

1914ರ ಕೊನೆಗೆ ಬ್ರಿಗೇಡು ಹಡಗಿನಲ್ಲಿ ಈಜಿಪ್ಟಿಗೆ ಹೋಯಿತು. ಅಲ್ಲಿ ಸುಯೆಜ್ ಕಾಲುವೆ ಇದೆ (ಭೂಗೋಳದ ಪಾಠದಲ್ಲಿ ಬಂದಿದೆ). ತುರ್ಕರು ಅದನ್ನು ಹಿಡಿದರೆ ಹಿಂದುಸ್ತಾನಕ್ಕೂ ಇಂಗ್ಲೆಂಡಿಗೂ ಹಡಗಿನ ದಾರಿ ಬಂದ್. 1915ರ ಫೆಬ್ರವರಿ ಆರಂಭದಲ್ಲಿ ತುರ್ಕರು ರಾತ್ರಿ ಬಂದು ಕಾಲುವೆ ದಾಟಲು ನೋಡಿದರು, ಆಗಲಿಲ್ಲ. ಆಮೇಲೆ ಮೂರು ವರ್ಷ ಮರಳುಗಾಡು, ಪಹರೆ, ನೊಣ, ನೀರಿನ ತ್ರಾಸು. 1917ರಲ್ಲಿ ಗಾಜಾ ಕಡೆ ಕಾದಾಟ. ಇದನ್ನೆಲ್ಲ ನಾನು ಬೇಗ ಬೇಗ ಬರೆಯುತ್ತೇನೆ, ಯಾಕಂದರೆ ಹೈಫಾದ ಬಗ್ಗೆ ಜಾಗ ಬೇಕು.

1918ರ ಬೇಸಿಗೆಯಲ್ಲಿ ಈ ಬ್ರಿಗೇಡನ್ನು 5ನೇ ಕ್ಯಾವಲ್ರಿ ಡಿವಿಜನ್ನಿಗೆ ಸೇರಿಸಿದರು. ಡಿವಿಜನ್ನಿನ ಮುಖ್ಯಸ್ಥ ಮೇಜರ್ ಜನರಲ್ ಮೆಕ್‌ಆಂಡ್ರೂ. ಎಲ್ಲರ ಮೇಲೆ ಜನರಲ್ ಅಲೆನ್‌ಬಿ. ಈ ಡಿವಿಜನ್ನಿನ 14ನೇ ಬ್ರಿಗೇಡಿನಲ್ಲಿ ಇನ್ನೊಂದು ರೆಜಿಮೆಂಟು ಇತ್ತು, ಅದರ ಹೆಸರು 20ನೇ ಡೆಕ್ಕನ್ ಹಾರ್ಸ್. ಡೆಕ್ಕನ್ ಅಂದರೆ ನಮ್ಮ ದಖ್ಖನ್ನೇ. ಅದರ ಮೂಲ ಹಳೆಯ ಹೈದರಾಬಾದ್ ಕಂಟಿಂಜೆಂಟು. ಅವರು ಅದಕ್ಕೂ ಮೊದಲು 1916ರ ಜುಲೈ 14ರಂದು ಫ್ರಾನ್ಸಿನ ಸೋಮ್ ಎಂಬಲ್ಲಿ ಹೈ ವುಡ್ ಎಂಬ ಅಡವಿಯ ಪಕ್ಕ ಗೋಧಿ ಹೊಲದಲ್ಲಿ ಭರ್ಜಿ ಹಿಡಿದು ನುಗ್ಗಿದ್ದರು. ಡೆಕ್ಕನ್ ಹಾರ್ಸ್ ಇವತ್ತಿಗೂ ನಮ್ಮ ಸೈನ್ಯದಲ್ಲಿ ಇದೆ, ಈಗ ಕುದುರೆ ಇಲ್ಲ, ಟ್ಯಾಂಕು.

ಕಾಲಾಳಿನ ಡಿವಿಜನ್ನುಗಳ ವಿಷಯದಲ್ಲೂ ಒಂದು ಮಾತು ಗೊತ್ತಾಗಿ ನನಗೆ ಆಶ್ಚರ್ಯ ಆಯಿತು. ಅಲೆನ್‌ಬಿಯ ಹತ್ತಿರ 60ನೇ ಲಂಡನ್ ಡಿವಿಜನ್ನು ಅಂತ ಇತ್ತು. ಹೆಸರು ಲಂಡನ್. ಆದರೆ 1918ರಲ್ಲಿ ಜರ್ಮನರು ಫ್ರಾನ್ಸಿನಲ್ಲಿ ಜೋರು ಮಾಡಿದ್ದಕ್ಕೆ ಅದರ ಬಹಳಷ್ಟು ಗೋರಾ ಬೆಟಾಲಿಯನ್ನುಗಳನ್ನು ಅಲ್ಲಿಗೆ ಕಳಿಸಿ, ಆ ಜಾಗಕ್ಕೆ ಹಿಂದುಸ್ತಾನದ ಬೆಟಾಲಿಯನ್ನು ತುಂಬಿದರು. ಒಂದು ಬ್ರಿಗೇಡಿನಲ್ಲಿ ಒಂದು ಇಂಗ್ಲಿಷರದು, ಮೂರು ನಮ್ಮವು. 10ನೇ ಮತ್ತು 53ನೇ ಡಿವಿಜನ್ನಿನ ಕತೆಯೂ ಅದೇ. ಹಂಗಾದರೆ ಬೋರ್ಡು ಲಂಡನ್ನಿಂದು, ಒಳಗೆ ಮಂದಿ ನಮ್ಮವರು. ಇತಿಹಾಸದಲ್ಲಿ "ಬ್ರಿಟಿಷ್ ಡಿವಿಜನ್ ಗೆದ್ದಿತು" ಅಂತ ಇದ್ದರೆ ಒಳಗೆ ಯಾರಿದ್ದರು ಅಂತ ಇನ್ನು ಮುಂದೆ ನಾನು ಕೇಳುತ್ತೇನೆ.

1918ರ ಸೆಪ್ಟೆಂಬರ್ 19. ಬೆಳಿಗ್ಗೆ ನಾಲ್ಕೂವರೆಗೆ ತೋಪು ಹಾರಿಸಲು ಶುರು ಮಾಡಿದರು. ಸಮುದ್ರದ ಪಕ್ಕದಲ್ಲಿ ಕಾಲಾಳು ತುರ್ಕರ ಸಾಲು ಮುರಿದರು. ಆ ಸಂದಿನಲ್ಲಿ ಕುದುರೆ ಡಿವಿಜನ್ನುಗಳು ಹೊರಟವು. ಮರುದಿನ ಬೆಳಗಾಗುವಷ್ಟರಲ್ಲಿ 5ನೇ ಡಿವಿಜನ್ನಿನ ಒಂದು ಬ್ರಿಗೇಡು ನಜರೇತ್ ಊರಿಗೆ ಹೋಗಿ ಮುಟ್ಟಿತು. ಅಲ್ಲಿ ತುರ್ಕರ ದಂಡಿನ ದೊಡ್ಡ ಸೇನಾಪತಿ ಜರ್ಮನಿಯ ಲಿಮಾನ್ ಫಾನ್ ಸಾಂಡರ್ಸ್ ಇದ್ದ. ಅವನು ಸಿಗದೆ ತಪ್ಪಿಸಿಕೊಂಡ.

ಹೈಫಾ ಎಂಬುದು ಸಮುದ್ರದ ದಂಡೆಯ ಬಂದರು. ಈಗ ಇಸ್ರೇಲ್ ದೇಶದಲ್ಲಿ ಇದೆ. ಅಲೆನ್‌ಬಿಗೆ ಆ ಬಂದರು ಬೇಕಿತ್ತು, ಯಾಕಂದರೆ ದಂಡು ಮುಂದೆ ಹೋದಂಗ ರೊಟ್ಟಿ ಮತ್ತು ಹುಲ್ಲು ಹಿಂದಿನಿಂದ ಬರುವುದು ಕಷ್ಟ. ಊರಿನ ಒಂದು ಬದಿಗೆ ಕಾರ್ಮೆಲ್ ಎಂಬ ಗುಡ್ಡ. ಇನ್ನೊಂದು ಬದಿಗೆ ಕಿಶೋನ್ ಎಂಬ ಸಣ್ಣ ಹೊಳೆ. ನಡುವೆ ಇಕ್ಕಟ್ಟಿನ ದಾರಿ, ರೈಲು ಹಳಿ. ಗುಡ್ಡದ ಮೇಲೆ ತೋಪು, ಇಳಿಜಾರಿನಲ್ಲಿ ಮಷಿನ್ ಗನ್ನು. 22ನೇ ತಾರೀಖು ಕಬ್ಬಿಣದ ಮೋಟಾರುಗಳು ಹೋಗಿ ನೋಡಿ ಗುಂಡು ತಿಂದು ವಾಪಸ್ ಬಂದವು. 23ಕ್ಕೆ 15ನೇ ಬ್ರಿಗೇಡಿಗೆ ಹೋಗಿರಿ ಅಂತ ಹುಕುಂ ಆಯಿತು. ಕುದುರೆ, ಭರ್ಜಿ. ಎದುರಿಗೆ ಮಷಿನ್ ಗನ್ನು.

ಲ್ಯಾನ್ಸರ್ ಅಂದರೆ ಭರ್ಜಿ ಹಿಡಿದ ಸವಾರ. ಭರ್ಜಿಯ ಕೋಲು ಬಿದಿರಿನದು, ಸುಮಾರು ಒಂಬತ್ತು ಅಡಿ. ನಾನು ನಮ್ಮ ಹೊಲದಲ್ಲಿ ಒಂಬತ್ತು ಅಡಿ ಬಿದಿರು ಅಳೆದು, ಒಂದೇ ಕೈಯಲ್ಲಿ ನೆಟ್ಟಗೆ ಹಿಡಿದು ಓಡಿ ನೋಡಿದೆ. ಇಪ್ಪತ್ತು ಹೆಜ್ಜೆಗೆ ತುದಿ ನೆಲಕ್ಕೆ ಬಡಿಯಿತು. ಅವರು ಅದನ್ನು ಓಡುವ ಕುದುರೆ ಮೇಲೆ ಹಿಡಿದಿದ್ದರು, ಬೆನ್ನಿಗೆ ರೈಫಲ್ ಬೇರೆ.

ಬೆಳಿಗ್ಗೆ ಹತ್ತರ ಹೊತ್ತಿಗೆ ಗುಡ್ಡದ ಬುಡದಲ್ಲಿ ಅವರ ಮೇಲೆ ತೋಪಿನ ಗುಂಡು ಬೀಳತೊಡಗಿದವು. ಬ್ರಿಗೇಡಿಯರ್ ಜನರಲ್ ಹಾರ್ಬರ್ಡ್ ಕೆಲಸ ಹಂಚಿದ. ಮೈಸೂರಿನ ಒಂದು ತುಕಡಿ ಎರಡು ಮಷಿನ್ ಗನ್ನು ತೆಗೆದುಕೊಂಡು ಹಿಂದಿನಿಂದ ಗುಡ್ಡ ಹತ್ತಿ ಮೇಲಿನ ತೋಪು ಹಿಡಿಯಬೇಕು. ಜೋಧಪುರದವರು ಕೆಳಗೆ ಎದುರಿನಿಂದ ನುಗ್ಗಬೇಕು. ಹೈದರಾಬಾದಿನವರಿಗೆ ಕೈದಿಗಳನ್ನು ನೋಡಿಕೊಳ್ಳುವ ಕೆಲಸ ಬಿತ್ತು.

ಗುಡ್ಡದ ದಾರಿ ಕಲ್ಲು, ಕಡಿದಾದದ್ದು. ಕುದುರೆಗಳು ನಾಲ್ಕು ದಿನದಿಂದ ನಡೆದು ಸೋತಿದ್ದವು. ಮೇಲೆ ಮುಟ್ಟಿ ನುಗ್ಗುವ ಹೊತ್ತಿಗೆ ಮೈಸೂರಿನ ಸವಾರರು ಕೆಲವೇ ಮಂದಿ ಉಳಿದಿದ್ದರು, ಆದರೂ ತೋಪು ಹಿಡಿದರು. ಮಧ್ಯಾಹ್ನ ಎರಡಕ್ಕೆ ಕೆಳಗೆ ಜೋಧಪುರದವರು ಕುದುರೆ ಬಿಟ್ಟರು. ಹೊಳೆ ದಾಟೋಣ ಅಂತ ಹೋದರೆ ದಂಡೆಯಲ್ಲಿ ಹೂಳು, ಹುದುಲು. ಮುಂದಿನ ಕುದುರೆಗಳು ಸಿಕ್ಕಿಕೊಂಡವು. ಕಾರಂಜಾ ಹಿನ್ನೀರು ಇಳಿದ ಮೇಲೆ ದಂಡೆಯ ಕಪ್ಪು ಹೂಳಿನಲ್ಲಿ ಎಮ್ಮೆ ಸಿಕ್ಕಿಕೊಂಡದ್ದು ನೋಡಿದವರಿಗೆ ಇದು ತಿಳಿಯುತ್ತದೆ. ಎಳೆದಷ್ಟೂ ಒಳಗೆ ಹೋಗುತ್ತದೆ. ಇಲ್ಲಿ ಮೇಲಿನಿಂದ ಮಷಿನ್ ಗನ್ನು ಬೇರೆ ಹೊಡೆಯುತ್ತಿತ್ತು. ಆಗ ಅವರು ನಿಲ್ಲದೆ ಎಡಕ್ಕೆ ತಿರುಗಿ ಗುಡ್ಡದ ಇಳಿಜಾರಿನ ಮಷಿನ್ ಗನ್ನಿನ ಮೇಲೆಯೇ ಹೋದರು. ಅದನ್ನು ಹಿಡಿದು ಅದೇ ಓಟದಲ್ಲಿ ಊರೊಳಗೆ ನುಗ್ಗಿದರು. ಅವರ ಮೇಜರ್ ದಲಪತ್ ಸಿಂಗ್ ಶೆಖಾವತ್ ಅಲ್ಲಿ ಗುಂಡು ತಾಗಿ ಸತ್ತರು. ಹಿಂದಿನಿಂದ ಉಳಿದ ಮೈಸೂರಿನವರು ಬಂದು ಕೂಡಿಕೊಂಡರು. ಸಂಜೆಯೊಳಗೆ ಹೈಫಾ ಬಿತ್ತು.

ಲೆಕ್ಕ ಹೀಗಿದೆ. ಸಿಕ್ಕ ಕೈದಿಗಳು 1350, ತೋಪು 17, ಮಷಿನ್ ಗನ್ನು 11. ನಮ್ಮ ಕಡೆ ಸತ್ತವರು 8, ಗಾಯ ಆದವರು 34. ಸತ್ತ ಕುದುರೆ 60, ಗಾಯವಾದ ಕುದುರೆ 83. ಮನುಷ್ಯರಿಗಿಂತ ಕುದುರೆ ಜಾಸ್ತಿ ಸತ್ತವು. ನಮ್ಮ ಶಾಲೆಯ ಮಕ್ಕಳು, ಗುರುಗಳು, ಬಿಸಿಯೂಟದ ಅಕ್ಕಂದಿರು ಎಲ್ಲಾ ಕೂಡಿದರೂ 1350 ಆಗುವುದಿಲ್ಲ. ಅಷ್ಟು ಜನ ಕೈದಿಗಳಿಗೆ ನೀರು ಕುಡಿಸಿ, ಎಣಿಸಿ, ಕಾಯುವುದೂ ಕೆಲಸವೇ ಅಂತ ನನಗೆ ಅನಿಸುತ್ತದೆ. ಆದರೆ ಕ್ಲಾಸಿನಲ್ಲಿ ಇದನ್ನು ಹೇಳಿದಾಗ "ನಿಮ್ಮ ಹೈದರಾಬಾದಿನವರು ಕಾವಲು ಕೂತಿದ್ದರು" ಅಂತ ಹಿಂದಿನ ಬೆಂಚಿನವರು ಚೇಷ್ಟೆ ಮಾಡಿದರು.

ಯಾಕೆ ಅವರಿಗೆ ಕಾವಲು ಬಿತ್ತು? ಹೈದರಾಬಾದಿನ ದಂಡಿನಲ್ಲಿ ಮುಸಲ್ಮಾನರು ಬಹಳ ಇದ್ದರು. ಎದುರಿಗಿದ್ದ ತುರ್ಕಿಯ ಸುಲ್ತಾನ ಆಗ ಖಲೀಫ, ಮುಸಲ್ಮಾನರೆಲ್ಲರ ಹಿರಿಯ. ಅದಕ್ಕೇ ಇಂಗ್ಲಿಷರು ಅವರನ್ನು ಎದುರಿಗೆ ಬಿಡಲಿಲ್ಲ ಅಂತ ಕೆಲವರು ಬರೆದಿದ್ದಾರೆ. ಆದರೆ ಅವರೇ ನಾಲ್ಕು ವರ್ಷ ಅದೇ ತುರ್ಕರ ಎದುರಿಗೆ ಮರಳುಗಾಡಿನಲ್ಲಿ ನಿಂತಿದ್ದರಲ್ಲ. 1914ರ ನವೆಂಬರಿನಲ್ಲಿ ನಿಜಾಮ, ಮುಸಲ್ಮಾನರು ಇಂಗ್ಲಿಷರ ಕಡೆಯೇ ಇರಬೇಕು ಅಂತ ಫರ್ಮಾನು ಹೊರಡಿಸಿದ್ದ. ನನ್ನ ಬೆಂಚಿನಲ್ಲಿ ನನ್ನ ಪಕ್ಕ ಕೂಡುವ ಗೆಳೆಯನಿಗೆ ಇದನ್ನು ಓದಿ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನಮಾಜಿನ ಹೊತ್ತಿಗೆ ಎರಡೂ ಕಡೆಯವರು ಒಂದೇ ದಿಕ್ಕಿಗೆ ಮುಖ ಮಾಡಿರಬೇಕಲ್ಲ" ಅಂದ. ನನಗೆ ಈ ಮಾತು ಹೊಳೆದೇ ಇರಲಿಲ್ಲ.

ಹೈಫಾ ಆದ ಮೇಲೆ ದಂಡು ನಿಲ್ಲಲಿಲ್ಲ. ಅಕ್ಟೋಬರ್ 1ಕ್ಕೆ ಡಮಾಸ್ಕಸ್ ಬಿತ್ತು. ಅಲ್ಲಿ ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ ಜ್ವರ ಹಿಡಿಯಿತು. ಗುಂಡಿಗಿಂತ ಜ್ವರದಿಂದ ಮಲಗಿದವರು ಜಾಸ್ತಿ. ಆದರೂ 5ನೇ ಡಿವಿಜನ್ನು ಉತ್ತರಕ್ಕೆ ಅಲೆಪ್ಪೋವರೆಗೆ ಹೋಯಿತು. ಅಕ್ಟೋಬರ್ 26ರಂದು ಹರಿತಾನ್ ಎಂಬಲ್ಲಿ ಮೈಸೂರು ಮತ್ತು ಜೋಧಪುರದವರು ಕೊನೆಯ ಸಲ ನುಗ್ಗಿದರು. ಹೈಫಾಕ್ಕಿಂತ ಅಲ್ಲಿ ಹೆಚ್ಚು ಜನ ಸತ್ತರು. ಆದರೆ ಹರಿತಾನ್ ದಿನ ಅಂತ ಯಾರೂ ಮಾಡುವುದಿಲ್ಲ, ಯಾಕಂದರೆ ಅಲ್ಲಿ ಗೆಲ್ಲಲಿಲ್ಲ. ಐದನೇ ದಿನಕ್ಕೆ, ಅಕ್ಟೋಬರ್ 31ಕ್ಕೆ, ತುರ್ಕಿಯ ಜೊತೆ ಯುದ್ಧ ನಿಂತಿತು. ಇನ್ನು ಐದೇ ದಿನ ತಡೆದಿದ್ದರೆ ಅಷ್ಟು ಜನ ಮನೆಗೆ ಬರುತ್ತಿದ್ದರು. 38 ದಿನದಲ್ಲಿ ಡಿವಿಜನ್ನು 500 ಮೈಲಿಗಿಂತ ಹೆಚ್ಚು ನಡೆದಿತ್ತು. ಅಂದರೆ 800 ಕಿಲೋಮೀಟರು. ಬೀದರಿನಿಂದ ಬೆಂಗಳೂರಿಗೆ ಹೋಗಿ ಇನ್ನೂ ಮುಂದೆ.

ತೀನ್ ಮೂರ್ತಿ ನಿಂತದ್ದು 1920ರ ನಂತರ. ಲೆನಾರ್ಡ್ ಜೆನಿಂಗ್ಸ್ ಎಂಬ ಶಿಲ್ಪಿ ಮಾಡಿದ. ಸಿನಾಯ್, ಪ್ಯಾಲೆಸ್ಟೈನ್, ಸಿರಿಯಾದಲ್ಲಿ ಸತ್ತವರ ನೆನಪಿಗೆ ಎಂದು ಕಲ್ಲಿನಲ್ಲಿ ಕೆತ್ತಿದ್ದಾರೆ. 2018ರ ಜನವರಿ 14ರಂದು ಆ ಚೌಕಕ್ಕೆ ತೀನ್ ಮೂರ್ತಿ ಹೈಫಾ ಚೌಕ ಅಂತ ಹೆಸರು ಇಟ್ಟರು. ಮೈಸೂರಿನವರಿಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಬೇರೆ ಸ್ಮಾರಕ ಕೂಡ ಇದೆ. ಹೈಫಾದಲ್ಲಿಯೂ ನಮ್ಮವರ ಸ್ಮಶಾನ ಇದೆ.

ಇಷ್ಟು ಬರೆದು ಮನೆಯಲ್ಲಿ ಓದಿ ತೋರಿಸಿದೆ. ನಮ್ಮ ಅಪ್ಪನ ಅಜ್ಜಿ ಇದ್ದಾಳೆ, ನಾವು ದೊಡ್ಡಾಯಿ ಅಂತೀವಿ. ನಿಜಾಮ ಎಂಬ ಹೆಸರು ಬಂದ ಕೂಡಲೇ ಆಕೆ, "ಸಾಕು ಮಾಡು, ನಿಜಾಮನ ದಂಡಿನ ಸುದ್ದಿ ಮನ್ಯಾಗ ಬ್ಯಾಡ" ಅಂದಳು. 1948ರಲ್ಲಿ ಆಕೆ ಸಣ್ಣಾಕಿ. ಗಲಾಟೆ ಆದಾಗ ಆಕೆಯನ್ನು ತೊಗರಿ ಹೊಲದಲ್ಲಿ ಮಲಗಿಸಿ ಮೇಲೆ ಕಂಬಳಿ ಹೊಚ್ಚಿದ್ದರಂತೆ. ಕೆಮ್ಮು ಬಂದರೆ ಬಾಯಿಗೆ ಸೆರಗು ತುರುಕುತ್ತಿದ್ದರಂತೆ. ಆ ವರ್ಷ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಗೋರಟಾ ಊರಿನಲ್ಲಿ ರಜಾಕಾರರು ಮಾಡಿದ ಕೊಲೆಗಳ ಸ್ಮಾರಕ ಇದೆ, ನೀವೂ ಕೇಳಿದ್ದೀರಿ. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂತು, 17ಕ್ಕೆ ನಿಜಾಮ ಸೋತ. ಅದಾದ ಮೇಲೆ ಬೀದರ್ ಕಡೆ ಮುಸಲ್ಮಾನರ ಮನೆಗಳಲ್ಲೂ ಬಹಳ ಸಾವು ಆದವು. ದಿಲ್ಲಿ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಹಾನಿ ಹೆಚ್ಚು ಆದ ನಾಲ್ಕು ಜಿಲ್ಲೆಗಳಲ್ಲಿ ನಮ್ಮದನ್ನೂ ಬರೆಯಿತು. ನನ್ನ ಗೆಳೆಯನ ಮನೆಯಲ್ಲೂ ಇಂಥ ಮಾತು ಬಂದರೆ ಹಿರಿಯರು ಎದ್ದು ಹೊರಗೆ ಹೋಗುತ್ತಾರಂತೆ.

ನಾನು ದೊಡ್ಡಾಯಿಗೆ, ಇದು ರಜಾಕಾರರ ಸುದ್ದಿ ಅಲ್ಲ, ಅದಕ್ಕಿಂತ ಮೂವತ್ತು ವರ್ಷ ಹಿಂದಿನದು, ಇವರು ಸಂಬಳಕ್ಕೆ ಹೋದ ಸಿಪಾಯಿಗಳು ಅಂತ ತಿಳಿಸಿ ಹೇಳಿದೆ. ಆಕೆ ಹೂಂ ಅನ್ನಲಿಲ್ಲ. ಎರಡು ದಿನ ಬಿಟ್ಟು ತಾನೇ, "ಆ ಮೂರ್ತಿ ಫೋಟೋ ತೋರ್ಸು" ಅಂದಳು. ಅಪ್ಪನ ಮೊಬೈಲಿನಲ್ಲಿ ತೋರಿಸಿದೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. "ಕುದುರಿ ಸವಾರರು ಅಂತಿ. ಕುದುರಿ ಎಲ್ಲಿ?" ಅಂದಳು. ಖರೇ, ಮೂವರೂ ಭರ್ಜಿ ಹಿಡಿದು ನೆಲದ ಮೇಲೆ ನಿಂತಿದ್ದಾರೆ. ಒಂದೂ ಕುದುರೆ ಇಲ್ಲ! ನಾನು ಎಷ್ಟು ಸಲ ನೋಡಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ. ಖಾನಾಪುರದ ಮೈಲಾರ ಮಲ್ಲಣ್ಣನ ಚಿತ್ರದಲ್ಲಿ ಕುದುರೆ ಇಲ್ಲದಿದ್ದರೆ ನಾವು ಒಪ್ಪುತ್ತೇವೇನು?

ಸರ್ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಮೂರರಲ್ಲಿ ಹೈದರಾಬಾದಿನ ಮೂರ್ತಿ ನಮ್ಮದು, ಯಾಕಂದರೆ ಅದರ ಅನ್ನ ನಮ್ಮ ಹೊಲದ ಕಂದಾಯದಲ್ಲೂ ಇತ್ತು. ಮೈಸೂರಿನ ಮೂರ್ತಿ 1956ರಿಂದ ನಮ್ಮದು. ಹಿಂದಿನ ಬೆಂಚಿನವರು ಎರಡು ಹೇಳುವಂಗಿಲ್ಲ, ಒಂದೇ ಹೇಳಬೇಕು ಅಂತಾರೆ. ಅವರು ಬೇಕಾದರೆ ಮುಂದಿನ ತಿಂಗಳ ಪತ್ರಿಕೆಯಲ್ಲಿ ಬರೆಯಲಿ.

ಕೊನೆಗೆ ಒಂದು ವಿನಂತಿ. ಆ ಯುದ್ಧಕ್ಕೆ ಹೋಗಿ ಬಂದ ಸಿಪಾಯಿಗಳಿಗೆ ಬೆಳ್ಳಿಯ ಪದಕ ಕೊಟ್ಟಿದ್ದರು. ಒಂದು ಬದಿಗೆ ಇಂಗ್ಲೆಂಡಿನ ಐದನೇ ಜಾರ್ಜ್ ರಾಜನ ತಲೆ, ಇನ್ನೊಂದು ಬದಿಗೆ ಕುದುರೆ ಮೇಲೆ ಕೂತ ಮನುಷ್ಯ, 1914 ಮತ್ತು 1918 ಎಂಬ ಅಂಕಿ ಇರುತ್ತವೆ. (ಪದಕದ ಮೇಲೆ ಮಾತ್ರ ಕುದುರೆ ಇದೆ ನೋಡಿರಿ.) ನಿಮ್ಮ ಮನೆಯ ಹಳೆ ಸಂದೂಕದಲ್ಲಿ, ದೇವರ ಜಗಲಿಯಲ್ಲಿ, ಇಲ್ಲವೆ ಅಜ್ಜಿಯ ಗಂಟಿನಲ್ಲಿ ಅಂಥದ್ದು ಇದ್ದರೆ ಅಂಚನ್ನು ಬೆಳಕಿಗೆ ಹಿಡಿದು ನೋಡಿರಿ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ನಂಬರು, ಹೆಸರು, ದಂಡಿನ ಹೆಸರು ಒತ್ತಿರುತ್ತಾರೆ. ಇಂಗ್ಲಿಷಿನಲ್ಲಿ ಇರುತ್ತದೆ, ಓದಲು ಬರದಿದ್ದರೆ ಪೆನ್ಸಿಲಿನಿಂದ ಕಾಗದದ ಮೇಲೆ ಉಜ್ಜಿ ತನ್ನಿರಿ, ಸರ್ ಓದುತ್ತಾರೆ. ಹುಣಸೆಹಣ್ಣು ಹಾಕಿ ತಿಕ್ಕಬೇಡಿರಿ, ಅಕ್ಷರ ಸವೆಯುತ್ತವೆ. ಮತ್ತು ಕಾಲ್ಗೆಜ್ಜೆ ಮಾಡಿಸಲು ಸರಾಫನಿಗೆ ಕೊಡುವ ಮೊದಲು ದಯವಿಟ್ಟು ಒಂದು ಸಲ ನನಗೆ ತೋರಿಸಿರಿ.